ಶಾಂಪೂವಿನ ಹುಟ್ಟುಹೆಸರು

ಬಚ್ಚಲ ಗೂಡಿನಲ್ಲಿದ್ದ ಶಾಂಪೂ ಬಾಟಲಿಗೆ ತನ್ನ ಇಂಗ್ಲಿಷ್ ಹೆಸರಿನದೇ ಜಂಬ. ಪದ್ದಜ್ಜಿಯ ಎಣ್ಣೆಗೈ ಸೋಕಿದರೆ ಸಾಕು, ಸುರ್ರನೆ ಜಾರಿಕೊಳ್ಳುತ್ತಿತ್ತು.

"ಎಣ್ಣೆಬಟ್ಟಲೇ, ದೂರ ಸರಿ. ನನ್ನದು ಪರದೇಶದ ಹೆಸರು," ಎಂದಿತು ಒಂದು ದಿನ.

ಬಟ್ಟಲು ಹೇಳಿತು: "ಆ ಹೆಸರು ಹೊರಟಿದ್ದೇ ಇಲ್ಲಿಂದ, ಮಗೂ. ಹಿಂದಿಯಲ್ಲಿ 'ಚಾಂಪೋ' ಎಂದರೆ ಒತ್ತು, ತೀಡು ಎಂದರ್ಥ. ಅದೇ ಇಂಗ್ಲಿಷರ ಹಡಗು ಹತ್ತಿ ಶಾಂಪೂ ಆಯಿತು. ಆಗ ಅದರಲ್ಲಿ ನೊರೆ ಇರಲಿಲ್ಲ, ಬರೀ ಬೆರಳುಗಳಿದ್ದವು."

ಅಷ್ಟರಲ್ಲಿ ಅಜ್ಜಿ ಹಬೆಯ ನಡುವೆ ಕೂತು ಮೊಮ್ಮಗಳ ನೆತ್ತಿಗೆ ಎಣ್ಣೆಯಿಟ್ಟು ಮೆಲ್ಲಗೆ ಒತ್ತತೊಡಗಿದಳು. ಹುಡುಗಿಯ ಕಣ್ಣು ತಾನಾಗಿ ಮುಚ್ಚಿತು. ನೋಡುತ್ತ ನೋಡುತ್ತ ಬಾಟಲಿಗೂ ಜೊಂಪು ಹತ್ತಿತು. ಯಾರೋ ತನ್ನನ್ನು ಹುಟ್ಟುಹೆಸರು ಹಿಡಿದು ಕರೆದಂತಾಯಿತು.

ತಲೆ ತೊಳೆಯಲೆಂದು ಅಜ್ಜಿ ಎಣ್ಣೆಗೈ ಚಾಚಿದಳು. ಬಾಟಲಿ ಈ ಸಲ ಜಾರಲಿಲ್ಲ.