ತೊಂಬತ್ತಮೂರನೆಯ ಅಂಗ

"ಗ್ಯಾನೀಜಿ, ಒಂದೇ ಪಂಕ್ತಿಯೊಳಗ ಕುಂತು ಉಣ್ಣೋರನ್ನ ಬ್ಯಾರೆ ಬ್ಯಾರೆ ಕಡೆ ಸುಡಬೇಕೇನ್ರಿ?"

ತರ್ಲೋಚನ್ ಸಿಂಗ್ ಇದನ್ನು ಕೇಳಿದ್ದು ಗುರುದ್ವಾರದ ಊಟದ ಮನೆಯಾದ ಲಂಗರಿನಲ್ಲಿ, ಎಲ್ಲರ ಊಟ ಮುಗಿದು ತಾಟು ತೊಳೆಯುವಾಗ. ಮಾಂಜ್ರಾ ನದಿಯ ಕಡೆಯ ಆ ಊರಿನಲ್ಲಿ ಸಿಖ್ಖರು ಮೂರು ತಲೆಮಾರಿನಿಂದ ಇದ್ದಾರೆ. ಹೊಲದವರದು ಒಂದು ಕೇರಿ, ಕುಲುಮೆಯವರದು ಇನ್ನೊಂದು. ಗುರುದ್ವಾರ ಒಂದೇ, ಸುಡುಗಾಡೂ ಒಂದೇ. ಈಗ ಸುಡುಗಾಡಿನ ನಡುವೆ ಗೋಡೆ ಎಬ್ಬಿಸಬೇಕೆಂದು ಹೊಲದವರ ಸಮಿತಿ ಠರಾವು ಬರೆದಿತ್ತು. ಆ ಕೇರಿಯವರೆಲ್ಲ ಸಹಿ ಹಾಕಿದ್ದರು, ತರ್ಲೋಚನನೊಬ್ಬ ಉಳಿದಿದ್ದ. ಹಾಕದಿದ್ದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಹಾಕಿದರೆ, ಹಾಸಿಗೆ ಹಿಡಿದಿರುವ ಗೆಳೆಯ, ಕುಲುಮೆಯ ಹಜಾರಾ ಸಿಂಗ್, ನಾಳೆ ಗೋಡೆಯ ಆಚೆ ಹೋಗುತ್ತಾನೆ. ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಗ್ರಂಥ ಓದುವ ಹಿರಿಯರಾದ ಅಜಾಯಬ್ ಸಿಂಗರನ್ನು ಎಲ್ಲರೂ ಗ್ಯಾನೀಜಿ ಎನ್ನುತ್ತಿದ್ದರು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟವರಲ್ಲ. "ತಾಟು ಕೆಳಗಿಡು. ಒಂದು ಕತಿ ಕೇಳು," ಎಂದು ಹೇಳತೊಡಗಿದರು.

ಪಂಜಾಬಿನಲ್ಲಿ, ನದಿಯ ದಂಡೆಯ ಮೇಲೆ ಒಂದು ಹಳ್ಳಿ. ಗುರು ಒಬ್ಬನೇ, ಗುರುದ್ವಾರ ಎರಡು. ಒಂದು ರೈತರದು, ಒಂದು ಚಪ್ಪಲಿ ಹೊಲಿಯುವವರದು. ಊರು ದೊಡ್ಡದೇನಲ್ಲ. ಅಹಂಕಾರಕ್ಕೆ ಒಂದರಲ್ಲಿ ಜಾಗ ಸಾಲದೆ ಎರಡು ಕಟ್ಟಿದ್ದರು.

ಎರಡರಲ್ಲೂ ಗುರುಗ್ರಂಥ. ನಿನಗೆ ಗೊತ್ತೇ ಇದೆ, ಅದು ನಮಗೆ ಪುಸ್ತಕವಲ್ಲ, ಜೀವಂತ ಗುರು. ಅದರ ಪುಟವನ್ನು ನಾವು ಪುಟ ಎನ್ನುವುದಿಲ್ಲ, ಅಂಗ ಎನ್ನುತ್ತೇವೆ. ಎಲ್ಲಿ ಅಚ್ಚಾದರೂ ಸಾವಿರದ ನಾನೂರ ಮೂವತ್ತೇ ಅಂಗ. ಒಂದರ ಹತ್ತನೆಯ ಅಂಗದಲ್ಲಿರುವ ಸಾಲು ಇನ್ನೊಂದರಲ್ಲೂ ಹತ್ತನೆಯದರಲ್ಲೇ ಇರುತ್ತದೆ.

ಒಂದು ವರ್ಷ ನದಿ ಉಕ್ಕಿ ಊರೊಳಗೆ ಬಂತು. ಒಬ್ಬ ರೈತ ತಮ್ಮ ಗ್ರಂಥವನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ನಡೆದ. ಅವನ ಹಿಂದೆಯೇ ಚಪ್ಪಲಿ ಹೊಲಿಯುವವನೊಬ್ಬ ತಮ್ಮ ಗ್ರಂಥ ಹೊತ್ತು ನಡೆದ. ಊರಿನಲ್ಲಿ ಮಾಳಿಗೆಯಿದ್ದದ್ದು ಶಾಲೆಯೊಂದಕ್ಕೇ. ಇಬ್ಬರೂ ಅಲ್ಲಿಗೇ ಹತ್ತಿದರು. ಹೊದಿಸಿದ ಬಟ್ಟೆಗಳು ತೊಯ್ದಿದ್ದವು. ಹೆಂಗಸರು ಅವನ್ನು ಬಿಚ್ಚಿ, ಎರಡನ್ನೂ ಒಂದೇ ತಾನಿನ ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡು ಮಂಚಗಳ ಮೇಲೆ ಅಕ್ಕಪಕ್ಕ ಇರಿಸಿದರು. ಗುರು ಉಳಿದನಲ್ಲ ಎಂದು ಎಲ್ಲರೂ ಕಣ್ಣು ಒರೆಸಿಕೊಂಡರು. ಆಮೇಲೆ ನೋಡಿದರೆ ಯಾವುದು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಅದೇ ಅಳತೆ, ಅದೇ ರಟ್ಟು, ಅದೇ ಅಚ್ಚು.

ರೈತನಿಗೆ ಕೈಕಾಲು ಆಡಲಿಲ್ಲ. ಮರುದಿನ ಅವನ ಮಗಳ ಮದುವೆ. ಬೀಗರು ದೋಣಿಯಲ್ಲಾದರೂ ಬರುತ್ತೇವೆಂದು ಹೇಳಿ ಕಳುಹಿಸಿದ್ದರು. ವಧೂವರರು ಗ್ರಂಥವನ್ನು ನಾಲ್ಕು ಸುತ್ತು ಸುತ್ತಿದರೆ ಮದುವೆಯಾದಂತೆ. ಅವಳು ಸುತ್ತಿದ್ದು ಚಪ್ಪಲಿ ಹೊಲಿಯುವವರ ಗ್ರಂಥವನ್ನು ಎಂದು ಬೀಗರಿಗೆ ತಿಳಿದರೆ? ಊರಿನ ಗ್ರಂಥಿಗಳನ್ನು, ಎಂದರೆ ಗ್ರಂಥ ಓದುವವರನ್ನು, ಕೇಳಿದ. ಅವರು "ಎರಡೂ ಗುರುವೇ" ಎಂದರು. ಅದು ಅವನಿಗೆ ಉತ್ತರವೆನಿಸಲಿಲ್ಲ.

"ಓದಿ ನೋಡೋಣ. ಎಲ್ಲಾದರೂ ಗುರುತು ಸಿಗದೆ ಇರುತ್ತದೆಯೇ?" ಎಂದು ಒಂದು ಮಂಚದ ಮುಂದೆ ಕುಳಿತ. ಇನ್ನೊಂದರ ಮುಂದೆ ಚಪ್ಪಲಿ ಹೊಲಿಯುವವನನ್ನು ಕೂರಿಸಿದ. ರೈತ ಒಂದು ಸಾಲು ಓದುವುದು, ಅವನು ತನ್ನೆದುರಿನದರಲ್ಲಿ ನೋಡಿ "ಇಲ್ಲೂ ಇದೆ" ಎನ್ನುವುದು. ರೈತನಿಗೆ ಓದಲು ಬರುತ್ತಿತ್ತು, ಆದರೆ ಓದಿದವನಲ್ಲ. ಓದುವುದು ಗ್ರಂಥಿಗಳ ಕೆಲಸ, ತಲೆಬಾಗುವುದು ತನ್ನ ಕೆಲಸ ಎಂದುಕೊಂಡಿದ್ದ. ತಲೆ ಬಾಗಿಸಿದವನಿಗೆ ಅಕ್ಷರ ಎಲ್ಲಿ ಕಾಣಬೇಕು!

ಮಧ್ಯಾಹ್ನದ ಹೊತ್ತಿಗೆ ತೊಂಬತ್ತಮೂರನೆಯ ಅಂಗಕ್ಕೆ ಬಂದರು. ಅಲ್ಲಿ ಒಬ್ಬ ಸಂತನ ಹೆಸರಿತ್ತು. ಕಾಶಿಯಲ್ಲಿ ಚಪ್ಪಲಿ ಹೊಲಿದುಕೊಂಡಿದ್ದ ಸಂತ. ರೈತ ಹಿಗ್ಗಿ ಎದ್ದುನಿಂತ.

"ಸಿಕ್ಕಿತು! ಇದು ನಿಮ್ಮದು. ನಿಮ್ಮ ಸಂತನ ಮಾತು ಇದರಲ್ಲಿದೆ. ನಿನ್ನ ಮುಂದಿರುವುದೇ ನಮ್ಮದು. ಕೊಡು."

"ಸರ್ದಾರ್‌ಜಿ, ಇಲ್ಲೂ ಇದೆ," ಎಂದ ಅವನು.

ರೈತ ಹೋಗಿ ನೋಡಿದ. ಅದೇ ಅಂಗ, ಅದೇ ಹೆಸರು. ಮತ್ತೆ ಬಂದು ಇದನ್ನು ನೋಡಿದ, ಮತ್ತೆ ಹೋಗಿ ಅದನ್ನು ನೋಡಿದ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವರ ಪಾಡಾಯಿತು ಅವನದು.

"ನಮ್ಮದರೊಳಗೆ ಇದನ್ನು ಯಾರು ತಂದಿಟ್ಟರು?"

"ಗುರುಗಳೇ ಬರೆಸಿದ್ದು. ಬರೆಸುವಾಗ ನಿಮ್ಮನ್ನೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ."

ರೈತ ಅಲ್ಲೇ ಕುಳಿತ. ಇಷ್ಟು ವರ್ಷ ತಾನು ತಲೆಬಾಗಿದ್ದು ಯಾರಿಗೆ ಎಂದು ಅವನಿಗೆ ಗೊತ್ತಾಗಲಿಲ್ಲ. ಮರುದಿನ ಬೀಗರು ಬಂದರು. ಮಗಳು ಎದ್ದು ಹತ್ತಿರವಿದ್ದ ಮಂಚದ ಸುತ್ತ ನಾಲ್ಕು ಸುತ್ತು ಬಂದಳು. ಯಾವ ಗ್ರಂಥವೆಂದು ಬೀಗರು ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಇರಲಿಲ್ಲ. ನೀರು ಇಳಿದ ಮೇಲೆ ಎರಡೂ ಕಡೆಯವರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಆ ಊರಿನ ರೈತರು ಇವತ್ತಿಗೂ ಬೆಳಿಗ್ಗೆ ತಲೆಬಾಗುವ ಮುಂಚೆ ಒಂದು ಗಳಿಗೆ ಹಾಗೇ ನಿಲ್ಲುತ್ತಾರಂತೆ.

ಗ್ಯಾನೀಜಿ ಕತೆ ನಿಲ್ಲಿಸಿ ತಾಟು ಎತ್ತಿಕೊಂಡರು. ತರ್ಲೋಚನ್ ಸಿಂಗ್ ಅಂಗಿಯ ಜೇಬಿನಿಂದ ಠರಾವಿನ ಕಾಗದ ತೆಗೆದ.

"ಕತಿ ಚಲೋ ಅದ ಗ್ಯಾನೀಜಿ. ಆದ್ರ ನಂಗ ಇನ್ನೂ ತಿಳೀವಲ್ದು. ಇದಕ್ಕ ಸಹಿ ಹಾಕ್ಲೋ, ಬ್ಯಾಡೋ?"

"ಮದಲು ಸಮಿತಿಯವರನ್ನ ಕೇಳ್ಕೊಂಡು ಬಾ, ಗೋಡಿ ಗುರುವಿನ ಎಷ್ಟನೇ ಅಂಗದ ಮ್ಯಾಲ ಹಾಯಬೇಕಂತ."