ಏಳನೇ ಕೋಣೆಯಲ್ಲಿ ಮುದ್ದುಮಾದ

ಸಣ್ಣತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮುದ್ದುಮಾದ ಅಂತ ಒಬ್ಬನೇ ಮಗ. ಮೂವತ್ತು ವರ್ಷದ ಆಳು, ಬಾಗಿಲಷ್ಟು ಎತ್ತರ. ಏನು ಹೇಳಿದರೆ ಅದನ್ನೇ ಮಾಡುವವನು. ಹೇಳಿದ್ದಕ್ಕಿಂತ ಒಂದೆಳ್ಳು ಹೆಚ್ಚಿಲ್ಲ, ಒಂದೆಳ್ಳು ಕಮ್ಮಿಯಿಲ್ಲ. "ಹಾಲು ನೋಡ್ತಿರು ಕಣ್ಲಾ" ಅಂದರೆ ನೋಡುತ್ತಿದ್ದ. ಕಾಯುವುದನ್ನು ನೋಡುತ್ತಿದ್ದ, ಉಕ್ಕುವುದನ್ನು ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ.

"ನಿನ್ನ ಕಟ್ಕೊಂಡು ನಾನೇನ್ಲಾ ಮಾಡ್ಲಿ?" ಅನ್ನುತ್ತಿದ್ದಳು ತಾಯಿ.

"ಏನ್ ಮಾಡ್ಬೇಕು ಅಂತ ಹೇಳವ್ವ, ನಾನೇ ಮಾಡ್ತೀನಿ" ಅನ್ನುತ್ತಿದ್ದ ಮಗ.

ಸಣ್ಣತಾಯಮ್ಮ ಊರಾಚೆಯ ಲಸಿಕೆ ಉಗ್ರಾಣದಲ್ಲಿ ಕಸ ಗುಡಿಸುತ್ತಿದ್ದಳು. ಅಲ್ಲಿನ ಜಯಶೀಲಾ ಮೇಡಂ ಕನಿಕರಪಟ್ಟು ಮಗನನ್ನೂ ಕೆಲಸಕ್ಕಿಟ್ಟುಕೊಂಡರು. ಒಂದು ಕಂಪ್ಯೂಟರಿನ ಮುಂದೆ ಕೂರುವುದಷ್ಟೇ ಕೆಲಸ. ಉಗ್ರಾಣದಲ್ಲಿ ಆರು ತಂಪು ಕೋಣೆ. ಪ್ರತಿ ಕೋಣೆಗೂ ಇಂತಿಷ್ಟು ಅಂತ ನಿಯಮ: ಎಷ್ಟು ತಂಪಿರಬೇಕು, ಬಾಗಿಲು ಯಾವಾಗ ತೆರೆಯಬೇಕು, ಒಳಗೆ ಯಾರು ಹೋಗಬಹುದು. ಆ ನಿಯಮಗಳು ನಡೆಯುತ್ತಿವೆಯೋ ಇಲ್ಲವೋ ಅಂತ ಕಂಪ್ಯೂಟರು ನೋಡುತ್ತಿತ್ತು. ನಡೆಯುತ್ತಿದ್ದರೆ ಹಸಿರು. ಒಂದು ತಪ್ಪಿದರೂ ಕೆಂಪು, ಎಲ್ಲ ಬಾಗಿಲಿಗೂ ಬೀಗ.

ಒಂದು ಶುಕ್ರವಾರ ಬೆಳಿಗ್ಗೆ ಪರದೆ ಕೆಂಪಾಯಿತು. "ಏಳನೇ ಕೋಣೆ ನಿಯಮ ಪಾಲಿಸುತ್ತಿಲ್ಲ" ಅಂತ ಬಂತು. ಆರೂ ಬಾಗಿಲು ಟಕ್ ಟಕ್ ಅಂತ ಬಿಗಿದುಕೊಂಡವು.

ಜಯಶೀಲಾ ಮೇಡಂ ಕುರ್ಚಿ ಹಿಡಿದು ನಿಂತರು. ಏಳನೇ ಕೋಣೆ ಒಂದು ಕಾಲದಲ್ಲಿ ಇದ್ದದ್ದು ನಿಜ. ಅದರ ಕಾವಲುಗಾರ ಒಳಗೆ ಸಿಕ್ಕಿಕೊಂಡು ಚಳಿಗೆ ಸೆಟೆದು ಸತ್ತಿದ್ದ. ಆಮೇಲೆ ಬಾಗಿಲು ಕಿತ್ತು ಇಟ್ಟಿಗೆ ಗೋಡೆ ಕಟ್ಟಿಸಿ ಹನ್ನೊಂದು ವರ್ಷವಾಗಿತ್ತು.

ಭಾನುವಾರ ತಾಲ್ಲೂಕಿನ ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕಬೇಕು. ಹನಿಯೆಲ್ಲ ಬೀಗದ ಒಳಗೆ. ಮೇಡಂ ಕಂಪ್ಯೂಟರು ಹಾಕಿಕೊಟ್ಟ ಕಂಪನಿಗೆ ಫೋನು ಮಾಡಿದರು. ಆ ಕಡೆ ಸುದರ್ಶನ್ ಅಂತ ಎಂಜಿನಿಯರು.

"ನಿಯಮದ ಪಟ್ಟಿ ಇರೋ ಫೈಲನ್ನ ಹೊರಗೆ ತೆಗೆದು ನನಗೆ ಕಳಿಸಿ, ಎಲ್ಲಿ ಕೆಟ್ಟಿದೆ ನೋಡ್ತೀನಿ" ಅಂದರು ಸುದರ್ಶನ್. "ಮೌಸ್‌ನಲ್ಲಿ ಆಗಲ್ಲ. ಕಪ್ಪು ಪರದೆ ತೆರೆದು ಕಮಾಂಡ್ ಟೈಪ್ ಮಾಡ್ಬೇಕು. ಒಂದಕ್ಷರ ತಪ್ಪಬಾರದು. ಹೇಳಿದ್ದನ್ನ ಹೇಳಿದ ಹಾಗೇ ಹೊಡೆಯೋರು ಯಾರಾದ್ರೂ ಇದಾರಾ?"

"ಅಂಥೋನು ಒಬ್ಬ ಇದಾನೆ" ಅಂದರು ಮೇಡಂ.

ಮುದ್ದುಮಾದ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತ. ಸುದರ್ಶನ್ ಒಂದೊಂದೇ ಮಾತು ಹೇಳಿದರು, ಮುದ್ದುಮಾದ ಒಂದೊಂದೇ ಮಾತು ಹೊಡೆದ. ನಡುವೆ ಸುದರ್ಶನ್ ಕೆಮ್ಮಿ, "ತಡಿಯಪ್ಪ, ನೀರು ಕುಡೀತೀನಿ" ಅಂದರು. ಅದನ್ನೂ ಹೊಡೆದ. ಇಂಥ ಕಮಾಂಡ್ ಇಲ್ಲ ಅಂತ ಯಂತ್ರ ಬೈದಿತು. ಮತ್ತೆ ಹೇಳಿದರು, ಮತ್ತೆ ಹೊಡೆದ. "ಅಯ್ಯೋ, ಏನಯ್ಯಾ ಮಾಡ್ದೆ" ಅಂದರು. ಅದನ್ನೂ ಹೊಡೆದ.

ಮಧ್ಯಾಹ್ನ ಮುದ್ದೆ ಮುರಿಯುತ್ತಾ ತಾಯಿ ಬೈದಳು. "ಜನ ನಿನ್ ಕೂಡೆ ಆಡೋ ಮಾತ್ನೆಲ್ಲ ಯಾಕ್ಲಾ ಅದ್ರೊಳಕ್ಕೆ ತುಂಬ್ತೀಯ?"

"ಹೇಳ್ದಂಗೇ ಮಾಡ್ದೆ ಕಣವ್ವ."

"ಇನ್ಮೇಲೆ ಕಮಾಂಡ್ ಒಂದನ್ನ ಮಾತ್ರ ಅವರು ಹೇಳ್ದಂಗೆ ಹೊಡಿ. ಯಂತ್ರ ಏನಾರ ಕೇಳುದ್ರೆ ನೀನೇ ಉತ್ತರ ಕೊಡು."

"ಹೂಂ ಕಣವ್ವ."

ಊಟ ಮುಗಿಸಿ ಮತ್ತೆ ಕೂತ. ಮೇಡಂ ಫೋನಿನ ಸ್ಪೀಕರ್ ಹಾಕಿ, ಪರದೆಯಲ್ಲಿ ಬಂದದ್ದನ್ನು ಸುದರ್ಶನ್‌ಗೆ ಓದಿ ಹೇಳತೊಡಗಿದರು. ಈ ಸಲ ಕಮಾಂಡು ಸರಿಯಾಗಿ ಕೂತಿತು. "ಫೈಲ್ ಎಲ್ಲಿಗೆ ಹಾಕಲಿ?" ಅಂತ ಯಂತ್ರ ಕೇಳಿತು. ಸುದರ್ಶನ್ "ಡೆಸ್ಕ್‌ಟಾಪ್ ಅಂತ ಹೊಡಿ" ಅಂದರು. ಯಂತ್ರ ಕೇಳಿದ್ದಕ್ಕೆ ತಾನೇ ಉತ್ತರ ಕೊಡಬೇಕಲ್ಲ. ಮುದ್ದುಮಾದ ಯೋಚಿಸಿದ. ಬೆಳಗಿನಿಂದ ಎಲ್ಲರೂ ಆಡುತ್ತಿದ್ದದ್ದು ಏಳನೇ ಕೋಣೆಯ ಮಾತು. ಏಳು ಅಂತ ಹೊಡೆದ.

"ಕಳಿಸಲಾಗಿದೆ" ಅಂತ ಬಂತು. ಸ್ವಲ್ಪ ಹೊತ್ತಿನ ಮೇಲೆ, "ತಲುಪಿತು" ಅಂತ ಬಂತು.

"ಏಳನೇ ಕೋಣೇಲಿ ನಾವು ಕಂಪ್ಯೂಟರೇ ಹಾಕಿಲ್ವಲ್ಲ" ಅಂದರು ಸುದರ್ಶನ್. "ಯಾರು ತಗೊಂಡ್ರು?"

ಮೇಡಂ ಅವನ ಕಡೆ ತಿರುಗಿದರು. "ನಿನ್ನನ್ಯಾರು ಉತ್ತರ ಕೊಡು ಅಂದ್ರು, ಮುದ್ದುಮಾದ?"

"ಅವ್ವ ಅಂದ್ಲು ಮೇಡಂ. ಹೇಳ್ದಂಗೇ ಮಾಡ್ದೆ."

"ಇನ್ಮೇಲೆ ನಿನ್ನ ತಲೆ ಓಡಿಸ್ಬೇಡ. ಅದು ಏನೇ ಕೇಳಲಿ, ವೈ ಅಂತ ಒತ್ತು. ವೈ ಅಂದ್ರೆ ಹೌದು. ಅಷ್ಟೇ."

ಫೈಲನ್ನು ವಾಪಸು ತರಿಸುವ ಕಮಾಂಡ್ ಹೇಳಿದರು ಸುದರ್ಶನ್. ಮುದ್ದುಮಾದ ಹೊಡೆದ. ವಾಪಸು ತರಲೇ ಅಂತ ಕೇಳಿತು. ವೈ. ಫೈಲು ಬಂತು. ತೆರೆಯಲೇ ಅಂತ ಕೇಳಿತು. ವೈ. ಪರದೆ ತುಂಬ ನಿಯಮ. ಆರು ಕೋಣೆಯದೂ ಸರಿಯಾಗಿತ್ತು. ಕಟ್ಟಕಡೆಗೆ, ಯಾರೂ ಅಳಿಸದೆ ಉಳಿದ ಹಳೇ ಸಾಲೊಂದಿತ್ತು: "ಏಳನೇ ಕೋಣೆಯೊಳಗೆ ಒಬ್ಬ ಕಾವಲುಗಾರ ಇರಬೇಕು."

"ಸಿಕ್ತು ನೋಡಿ, ಇದೇ ತೊಂದ್ರೆ" ಅಂದರು ಸುದರ್ಶನ್. "ಆ ಸಾಲನ್ನ ಅಳಿಸಿದ್ರೆ ಮುಗೀತು."

ಅಷ್ಟರಲ್ಲಿ ಯಂತ್ರ ಇನ್ನೊಂದು ಕೇಳಿತು. "ಹೊಸ ಕಾವಲುಗಾರ ಮುದ್ದುಮಾದನೇ?"

ಮೇಡಂ "ಬೇಡ" ಅನ್ನುವಷ್ಟರಲ್ಲಿ ಅವನು ವೈ ಒತ್ತಿ ಆಗಿತ್ತು.

ಪರದೆ ಹಸಿರಾಯಿತು. ಆರೂ ಬಾಗಿಲಿನ ಬೀಗ ಬಿಚ್ಚಿತು. ಆಳುಗಳು ಲಸಿಕೆ ಪೆಟ್ಟಿಗೆಗಳನ್ನು ವ್ಯಾನಿಗೆ ಸಾಗಿಸತೊಡಗಿದರು. ಮಕ್ಕಳ ಹನಿ ಉಳಿಯಿತು. ಆದರೆ ಪರದೆಯ ಮೇಲೆ ಒಂದು ಸಾಲು ಹಾಗೇ ನಿಂತಿತ್ತು: "ಏಳನೇ ಕೋಣೆ. ಒಳಗೆ ಇರುವವರು: ಮುದ್ದುಮಾದ."

ಮೇಡಂ ಅವನ ಹೆಸರು ಅಳಿಸಲು ನೋಡಿದರು. "ಒಳಗಿರುವವರು ಹೊರಗೆ ಬಂದ ಮೇಲೆ ಮಾತ್ರ" ಅಂತ ಬಂತು. ಮತ್ತೆ ನೋಡಿದರು, ಮತ್ತೆ ಅದೇ ಬಂತು.

"ಅದು ಬರೀ ದಾಖಲೆ ಮೇಡಂ, ಹೆದರಬೇಡಿ" ಅಂದರು ಸುದರ್ಶನ್. "ಮುದ್ದುಮಾದನನ್ನ ಮೊದಲು ಹೊರಗೆ ಕರೀಬೇಕು, ಆಮೇಲೆ ಅಳಿಸ್ಬೇಕು. ಅದಕ್ಕೂ ಒಂದು ಕಮಾಂಡ್ ಇದೆ, ಹುಡುಕಿ ಹೇಳ್ತೀನಿ."

ಮುದ್ದುಮಾದ ಕೇಳಿಸಿಕೊಂಡ. ಕರೀಬೇಕಂತೆ. ಎದ್ದು ಹೊರಟ.

ಆರನೇ ಕೋಣೆ ದಾಟಿದರೆ ಕಿರುದಾರಿ, ಅದರ ಕೊನೆಗೆ ಸುಣ್ಣ ಬಳಿದ ಇಟ್ಟಿಗೆ ಗೋಡೆ. ಸಣ್ಣತಾಯಮ್ಮ ಅಲ್ಲೇ ಗುಡಿಸುತ್ತಿದ್ದಳು. ಮಗ ಬಂದು ಗೋಡೆಗೆ ಬಾಯಿ ಹತ್ತಿರ ತಂದು ಕರೆದ. "ಮುದ್ದುಮಾದ, ಹೊರಕ್ಕೆ ಬರ್ಬೇಕಂತೆ ಕಣೋ."

"ನಿನ್ನ ನೀನೇ ಕರ್ಕೋತಿದ್ದೀಯಲ್ಲೋ ಪೆದ್ದು ಮುಂಡೇದೆ" ಅಂತ ನಕ್ಕಳು ತಾಯಿ.

ಗೋಡೆಯೊಳಗಿಂದ, "ಅವ್ವ ಕರೆದ್ರೆ ಬತ್ತೀನಿ" ಅಂತ ಕೇಳಿಸಿತು.

ಅದು ಮುದ್ದುಮಾದನ ದನಿ. ಅದೇ ಎಳೆತ, ಅದೇ ಮೆತ್ತಗಿನ ಮಾತು. ಸಣ್ಣತಾಯಮ್ಮನ ಕೈಯಿಂದ ಪೊರಕೆ ಜಾರಿತು. ಮಗನ ಮುಖ ನೋಡಿದಳು. ಅವನ ಬಾಯಿ ಮುಚ್ಚಿತ್ತು. ಅವನ ಕೈ ಹಿಡಿದು ನೋಡಿದಳು, ಬೆಚ್ಚಗಿತ್ತು. ಗೋಡೆ ಮುಟ್ಟಿದಳು, ಮಂಜುಗಡ್ಡೆ.

ಅವಳು ಗೋಡೆಗೆ ಕೈ ಮುಗಿದಳು. "ಬರಬ್ಯಾಡ ಕಣಪ್ಪ. ನೀನು ಅಲ್ಲೇ ಇರು."

ಒಳಗೆ ಯಾರೋ ಕೂತ ಸದ್ದಾಯಿತು. ಹೊರಗೆ ಮುದ್ದುಮಾದನೂ ಕಾಲು ಮಡಿಸಿ ಕೂತುಬಿಟ್ಟ.

"ಲೋ, ನಿಂಗಲ್ಲ ಕಣ್ಲಾ ಹೇಳಿದ್ದು."

"ನೀನು ಅಂದ್ಯಲ್ಲವ್ವ. ಅಲ್ಲೇ ಇರು ಅಂದೆ. ಹೇಳ್ದಂಗೇ ಮಾಡ್ದೆ."

ರಟ್ಟೆ ಹಿಡಿದು ಎಳೆದಳು, ಅವನು ಏಳಲಿಲ್ಲ. ಅಳು ಬಂತು ಅವಳಿಗೆ. "ಆಯ್ತು, ಏಳು ಮಗ, ಮನೆಗೆ ಬಾ" ಅಂದಳು.

ಮುದ್ದುಮಾದ ಎದ್ದ. ಗೋಡೆಯೊಳಗೂ ಎದ್ದ ಸದ್ದಾಯಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಈ ಕಡೆಗೇ. ಇಟ್ಟಿಗೆ ಸಂದಿನಿಂದ ಸುಣ್ಣ ಉದುರಿತು.

"ಇರು, ಇರು" ಅಂದಳು ಸಣ್ಣತಾಯಮ್ಮ. ಇಬ್ಬರೂ ಕೂತರು.

ಬಾ ಅಂದರೆ ಇಬ್ಬರೂ ಬರುತ್ತಾರೆ. ಇರು ಅಂದರೆ ಇಬ್ಬರೂ ಇರುತ್ತಾರೆ. ಹೊತ್ತ ಹೊಟ್ಟೆಗೆ ಎರಡು ದನಿಯೂ ಒಂದೇ ಥರ ಕೇಳುತ್ತಿತ್ತು. ಅವಳು ಬಾಯಿಗೆ ಸೆರಗು ತುರುಕಿಕೊಂಡು ನಿಂತಳು.

ಆಮೇಲೆ ಸದ್ದಿಲ್ಲದೆ ಹೋಗಿ, ಪೆಟ್ಟಿಗೆ ಸಾಗಿಸುವ ತಳ್ಳುಗಾಡಿ ತಂದಳು. ಬಾಗಿಲಷ್ಟು ಎತ್ತರದ ಮಗನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ, ಮಡಿಸಿದ ಕಾಲು ಮಡಿಸಿದ ಹಾಗೇ ಅದರ ಮೇಲೆ ಕೂರಿಸಿದಳು. ಒಂದು ಮಾತೂ ಆಡದೆ ಊರವರೆಗೆ ತಳ್ಳಿಕೊಂಡು ಬಂದಳು. ಜನ ಏನಾಯ್ತು ಅಂತ ಕೇಳಿದರು. ಅವಳು ತುಟಿ ಬಿಚ್ಚಲಿಲ್ಲ.

ಅವತ್ತಿಂದ ಆ ಮನೆಯಲ್ಲಿ ಮಗನನ್ನು ಕೂಗಿ ಕರೆಯುವುದಿಲ್ಲ. ಊಟದ ಹೊತ್ತಿಗೆ ಸಣ್ಣತಾಯಮ್ಮ ಹತ್ತಿರ ಹೋಗಿ ಅವನ ಹೆಗಲು ಮುಟ್ಟುತ್ತಾಳೆ. ಅವನು ಎದ್ದು ಬರುತ್ತಾನೆ, ಒಬ್ಬನೇ.