ಗೂಟಕ್ಕೆ ಹಾಕಿದ ಮಾಲೆ

ಕುಡಿತ ಬಿಡಬೇಕೆಂದು ಬಂದವರ ಕೊರಳಿಗೆ ಹೊಳೆದಂಡೆಯ ಮಠದ ಅಜ್ಜ ಒಂದು ರುದ್ರಾಕ್ಷಿ ಮಾಲೆ ಹಾಕುತ್ತಿದ್ದರು. ಮಾಲೆ ಕೊರಳಲ್ಲಿರುವತನಕ ಕುಡಿಯುವಂತಿಲ್ಲ. ಕಟ್ಟಳೆ ಅಂದರೆ ಅಷ್ಟೇ.

ಗೌಂಡಿ ಯಮನೂರ ಅಜ್ಜನ ಶಿಷ್ಯ. ಮಠದ ಕಟ್ಟೆ ಕಟ್ಟಿದ್ದೂ ಅವನೇ. ಒಂದು ದಿನ ಇಳಿಹೊತ್ತಿಗೆ ಬಂದವನು ತನ್ನ ಮಾಲೆಯನ್ನು ಅಜ್ಜನ ಮುಂದಿಟ್ಟು ಕೂತ.

“ಹೊಸಾದೊಂದು ಕೊಡ್ರಿ ಅಜ್ಜಾರ. ಇದರ ಶಕ್ತಿ ತೀರೇತಿ.”

“ಕುಡದಿ?”

“ಕುಡದೇನ್ರಿ.”

“ಮಾಲಿ ಹಾಕ್ಕೊಂಡ ಕುಡದಿ?”

ಯಮನೂರ ಗಲ್ಲ ಗಲ್ಲ ಬಡಿದುಕೊಂಡ. “ಶಿವ ಶಿವಾ! ಅಂಥಾ ಪಾಪಿ ಅಲ್ರಿ ನಾ. ತಗದು ಗೂಟಕ್ಕ ಹಾಕೇ ಹೋಗತೇನ್ರಿ. ಮುಂಜಾನೆ ಜಳಕಾ ಮಾಡಿ ಮತ್ತ ಹಾಕ್ಕೊಳ್ಳೂದು.”

“ಹಂಗಾರ ಗೂಟ ಕುಡಿಯೂದು ಬಿಟ್ಟೈತಿ,” ಅಂದರು ಅಜ್ಜ. “ಭಾಳ ಚಲೋ ಗೂಟ.”

ಯಮನೂರನಿಗೆ ನಗು ಬರಲಿಲ್ಲ.

“ಇವತ್ತ ಕುಡದು ಬಂದ್ರ ಬಾಗಲಾ ತಗಿಯಾಂಗಿಲ್ಲ ಅಂದಾಳ್ರಿ ನನ್ನ ಹೇಂತಿ ಶಾವಂತ್ರಿ. ಆಕಿ ಅಂದ್ರ ಅಂದಂಗ. ಅತ್ತಾಗ ಸೆರೆ ಅಂಗಡಿ ದೀಪ ಹತ್ತಿತು ಅಂದ್ರ ಈ ಕಾಲು ನನ್ನ ಮಾತು ಕೇಳಾಂಗಿಲ್ಲ. ಮುಂದಿಂದು ಬಿಡ್ರಿ, ಅಜ್ಜಾರ. ಈ ಸಂಜೀ ಒಂದು ದಾಟಸ್ರಿ.”

ಅಜ್ಜ ಅವನ ಮುಖವನ್ನೇ ನೋಡಿದರು. ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ದೊಡ್ಡದೊಂದು ಕಿಟ್ಲಿ, ತುಂಬ ಬಿಸಿ ಚಹಾ.

“ಹೊಳಿ ಆಚೆ ಮಗ್ಗದ ಮನಿ ಪಡಸಾಲ್ಯಾಗ ಒಂದಿಷ್ಟು ಮಂದಿ ಕುಂತಿರತಾರ. ಕೊಟ್ಟು ಬಾ. ಕಿಟ್ಲಿ ಖಾಲಿ ಆಗೂತನಾ ಬರಬ್ಯಾಡ.”

“ಮಾಲಿ ಕೇಳಿದ್ರ ಚಾ ಕೊಡತೀರಲ್ರಿ!”

“ಆರತೈತಿ. ನಡಿ.”

ಹೊಳೆಯಲ್ಲಿ ಮೊಣಕಾಲುದ್ದ ನೀರು. ಕಿಟ್ಲಿಯನ್ನು ಎತ್ತಿ ಹಿಡಿದು ಯಮನೂರ ದಾಟಿದ. ಅರ್ಧ ದಾರಿ ಅಜ್ಜನನ್ನು ಬೈದುಕೊಂಡ, ಉಳಿದರ್ಧ ತನ್ನನ್ನು.

ಪಡಸಾಲೆಯಲ್ಲಿ ಚಾಪೆ ಹಾಸಿ ಗಂಡಸರು ಕೂತಿದ್ದರು. ಭಜನೆ ಇರಬೇಕು ಅಂದುಕೊಂಡರೆ ತಾಳವಿಲ್ಲ, ದಮ್ಮಡಿಯಿಲ್ಲ. ರುಮಾಲಿನ ಮುದುಕನೊಬ್ಬ ಚಾಪೆಯ ಮೇಲೆ ಪಕ್ಕಕ್ಕೆ ಸರಿದ.

“ಬಾ ತಮ್ಮಾ, ಕುಂದರು.”

“ಚಾ ಕೊಟ್ಟು ಹೋಗಾಂವ್ರಿ ನಾ.”

“ಗೊತ್ತೈತಿ. ಕುಂತ ಕೊಡು. ನಾನೂ ಮೊದಲ ಸಲ ಇದೇ ಕಿಟ್ಲಿ ಹಿಡಕೊಂಡು ಬಂದಾಂವ.”

ಎದುರಿಗಿದ್ದ ಬಡಕಲು ಮನುಷ್ಯ ಮಾತು ಶುರು ಮಾಡಿದ. “ನಾನು ಫಕೀರೇಶ, ಬಸ್ ಕಂಡಕ್ಟರ. ಕುಡುಕ. ಇವತ್ತ ಕುಡದಿಲ್ಲ.”

ಯಾರೂ ಶಭಾಷ್ ಅನ್ನಲಿಲ್ಲ. ಯಾರೂ ಛೀ ಅನ್ನಲಿಲ್ಲ. ಸುಮ್ಮನೆ ಕೇಳಿದರು.

“ಅಜ್ಜಾರು ನನಗೂ ಮಾಲಿ ಹಾಕಿದ್ರು,” ಅಂದ ಫಕೀರೇಶ. “ಕುಡಿಯಾಕ ಹೋಗೂ ಮುಂದ ತಗದು ಟಿಕೀಟಿನ ಚೀಲದಾಗ ಇಡತಿದ್ದೆ.”

“ನಿಂದು ಬರೇ ಚೀಲ,” ಅಂದ ಮುದುಕ. “ನಾ ಎತ್ತಿನ ಕೊರಳಿಗೆ ಹಾಕಿ ಹೋಗತಿದ್ದೆ. ಓಣಿ ಮಂದಿ ಎತ್ತಿಗೆ ಕೈ ಮುಗೀತಿದ್ರು. ನನ್ನ ಕಂಡ್ರ ಬಾಗಲಾ ಹಾಕತಿದ್ರು.”

ಯಮನೂರನ ಬಾಯಿಂದ ಮಾತು ತಾನೇ ಹೊರಬಿತ್ತು.

“ನಾ ಗೂಟಕ್ಕ!”

ಪಡಸಾಲೆಯೆಲ್ಲ ನಗು. ಯಮನೂರನೂ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಅಳು ಬಂತು. ಅಳಬೇಡ ಎಂದು ಯಾರೂ ಅನ್ನಲಿಲ್ಲ. ಫಕೀರೇಶ ಬಟ್ಟಲಿಗೆ ಚಹಾ ಬಗ್ಗಿಸಿ ಅವನ ಮುಂದೆ ಸರಿಸಿದ.

ಆಮೇಲೆ ಯಮನೂರ ಹೇಳಿದ. ಊರ ಗೋಡೆಗಳನ್ನೆಲ್ಲ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ಕಟ್ಟಿದವನು ಸ್ವಂತ ಮನೆಯ ಗೋಡೆಯನ್ನು ಕುಡಿದು ಓರೆ ಕಟ್ಟಿದ್ದು. ಬಂದವರಿಗೆ ಕಾಣದಿರಲೆಂದು ಶಾವಂತ್ರಿ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದು. ಅದನ್ನು ಅವನು ಈತನಕ ಯಾರ ಮುಂದೆಯೂ ಆಡಿರಲಿಲ್ಲ.

ಏಳುವಾಗ ಮುದುಕ ಅಂದ: “ಇಲ್ಲಿ ಕೂಡೂದು ವಾರಕ್ಕೊಮ್ಮೆ. ನಾಳೆ ಸಂಜೀಕ ಕಾಲು ಎಳದ್ರ ನನ್ನ ಮನಿಗೆ ಬಾ. ನನ್ನ ಕಾಲೂ ಇನ್ನೂ ಎಳೀತಾವ. ಇಬ್ಬರೂ ಕುಂತ ಮಾತಾಡೂಣು.”

ಯಮನೂರ ಮಠಕ್ಕೆ ಬಂದಾಗ ಅಜ್ಜ ಕಟ್ಟೆಯ ಮೇಲಿದ್ದರು.

“ಅಜ್ಜಾರ, ಅಂಗಡಿ ಮುಂದೇ ಹಾದು ಬಂದೇನ್ರಿ. ದೀಪ ಹತ್ತಿತ್ತು. ದಾಟಿದ ಮ್ಯಾಲ ನೆನಪಾತು!”

“ಏನು ಉಪದೇಶ ಮಾಡಿದ್ರು?”

“ಒಂದೂ ಇಲ್ರಿ. ತಮ್ಮ ತಮ್ಮದು ಹೇಳಿಕೊಂಡ್ರು. ಎದಿ ಮ್ಯಾಲಿನ ಕಲ್ಲು ಇಳದಂಗಾತು. ಇಂಥಾ ಜಾಗಾ ಇದ್ದದ್ದು ಮೊದಲೇ ಯಾಕ ಹೇಳಲಿಲ್ರಿ?”

“ಇಷ್ಟ ದಿನಾ ನೀ ಮಾಲಿ ಕೇಳತಿದ್ದಿ,” ಅಂದರು ಅಜ್ಜ. “ಇವತ್ತ ಒಂದು ಸಂಜೀ ದಾಟಸ್ರಿ ಅಂತ ಕೇಳಿದಿ.”

ಯಮನೂರ ಹೊಳೆಗಿಳಿದು ಕಿಟ್ಲಿ ತೊಳೆದ. ಒರೆಸಿ ತಂದು ಅಜ್ಜನ ಪಕ್ಕದಲ್ಲಿಟ್ಟ. ಶಾವಂತ್ರಿ ದೀಪ ಹಚ್ಚಿ ಕಾಯುತ್ತಿರುತ್ತಾಳೆ, ಹೊರಡಬೇಕು.

“ಬರೋ ವಾರನೂ ಕಿಟ್ಲಿ ನಾನೇ ಒಯ್ಯತೇನ್ರಿ ಅಜ್ಜಾರ.”

“ಬ್ಯಾಡ. ಅದನ್ನ ಒಯ್ಯಾಕ ನಿನ್ನಂಥಾ ಇನ್ನೊಬ್ಬ ಬರತಾನ. ನೀ ಮೊದಲೇ ಹೋಗಿ, ಚಾಪಿ ಮ್ಯಾಲ ಸ್ವಲ್ಪ ಸರದು ಕುಂದರು.”